ಕಂಕನಾಡಿಯ ಆಲದ ನೆರಳು: ಕ್ಯಾಥೊಲಿಕರ ರೋಗಿಸೇವೆಯ ಇತಿಹಾಸ

ನವೆಂಬರ್ ತಿಂಗಳ ಒಂದನೆಯ ತಾರೀಖು ನಮಗೆಲ್ಲ ರಾಜ್ಯೋತ್ಸವದ ದಿನ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಕನ್ನಡಿಗರಾದ ನಾವು ಅಂದು ಸಂಘದ ಸಭಾಗೃಹದಲ್ಲಿ ಕಲೆತು ತಾಯ್ನಾಡನ್ನು ನೆನೆಯುತ್ತೇವೆ. ಅದೇ ದಿನ ನಮ್ಮ ಕ್ಯಾಥೊಲಿಕ ಬಂಧುಗಳಿಗೆ ಸಕಲ ಸಂತರ ಹಬ್ಬ. ಮರುದಿನ ಅವರಿಗೆ ಸಕಲ ಮೃತರ ಸ್ಮರಣೆಯ ದಿನ. ಅಂದು ಈ ನಗರದ ಕ್ರೈಸ್ತ ಸಮಾಧಿಭೂಮಿಗಳಲ್ಲಿ ಮಕ್ಕಳುಮರಿಗಳೊಡನೆ ಸಂಸಾರಗಳು ಬಂದು, ಗೋರಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಿಂತಿರುವುದನ್ನು ನಾವು ಕಂಡಿದ್ದೇವೆ. ಅವರಲ್ಲಿ ಮಂಗಳೂರು, ಉಡುಪಿ, ಕಾರವಾರಗಳ ಕಡೆಯಿಂದ ಬಂದವರೂ ಅನೇಕರುಂಟು.

ಈ ತಾರೀಖಿಗೆ ಇನ್ನೊಂದು ನೆನಪೂ ಕೂಡಿಕೊಂಡಿದೆ. 1910ನೆಯ ಇಸವಿ ನವೆಂಬರ್ 1ರಂದು ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಗಳು ತೀರಿಕೊಂಡರು. ಮಂಗಳೂರಿನ ಕಂಕನಾಡಿಯಲ್ಲಿ ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿರುವ ಸಂಸ್ಥೆಗೆ ಬೀಜ ಬಿತ್ತಿದವರು ಅವರೇ. ಅವರು ಕಣ್ಣು ಮುಚ್ಚಿದ ದಿನದಿಂದ ಲೆಕ್ಕ ಹಾಕಿದರೆ ಸರಿಯಾಗಿ 46 ವರ್ಷಗಳ ತರುವಾಯ, 1956ರ ಅದೇ ತಾರೀಖಿನಂದು, ಮದರಾಸು ರಾಜ್ಯಕ್ಕೆ ಸೇರಿದ್ದ ಮಂಗಳೂರು ಕನ್ನಡ ರಾಜ್ಯಕ್ಕೆ ಬಂದು ಕೂಡಿತು.

ಹಬ್ಬದ ಸಂಚಿಕೆಯಲ್ಲಿ ರೋಗ ಮತ್ತು ಮರಣಗಳ ಮಾತೇಕೆ ಎಂದು ಯಾರಾದರೂ ಕೇಳಬಹುದು. ಊರು ಬಿಟ್ಟು ಬಂದ ನಮ್ಮೆಲ್ಲರ ಮನದಾಳದಲ್ಲಿ ಒಂದು ಅಳುಕು ಇದ್ದೇ ಇದೆ. ಕಾಯಿಲೆ ಬಿದ್ದರೆ ನೋಡುವವರು ಯಾರು? ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡುವವರು ಯಾರು? ಈ ಪ್ರಶ್ನೆಗೆ ಒಂದು ಧರ್ಮಸಂಪ್ರದಾಯವು ಶತಮಾನಗಳಿಂದ ಕೊಟ್ಟುಕೊಂಡು ಬಂದ ಉತ್ತರವೇನು, ಆ ಉತ್ತರ ನಮ್ಮ ನಾಡಿನಲ್ಲಿ ಹೇಗೆ ಬೇರೂರಿತು ಎಂಬುದನ್ನು ಅರಿಯುವುದು ಯಾವ ಮತದವರಿಗಾದರೂ ಉಪಯುಕ್ತವೆಂದು ತಿಳಿದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಜೀವ ಯಾರದು?

ಕ್ಯಾಥೊಲಿಕ ನಂಬಿಕೆಯ ಪ್ರಕಾರ ಮನುಷ್ಯನು ದೇವರ ಪ್ರತಿರೂಪವಾಗಿ ಸೃಷ್ಟಿಯಾದವನು. ಅವನ ಜೀವ ದೇವರು ಕೊಟ್ಟ ವರ. ಅವನು ಅದರ ಒಡೆಯನಲ್ಲ, ಕಾಪಾಡಿಕೊಂಡು ಬರಬೇಕಾದ ಪಾರುಪತ್ಯಗಾರ. ಆದಕಾರಣ ಗರ್ಭದಲ್ಲಿರುವ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕನ ತನಕ ಯಾರ ಜೀವವನ್ನೂ ತೆಗೆಯುವ ಅಧಿಕಾರ ಯಾರಿಗೂ ಇಲ್ಲ. ದುಡಿಯಬಲ್ಲವನ ಜೀವಕ್ಕೆ ಹೆಚ್ಚು ಬೆಲೆ, ದುಡಿಯಲಾರದವನ ಜೀವಕ್ಕೆ ಕಡಮೆ ಬೆಲೆ ಎಂಬುದಿಲ್ಲ.

ಇದರ ಜೊತೆಗೆ ಇನ್ನೊಂದು ನಂಬಿಕೆಯಿದೆ. ಕೊನೆಯ ತೀರ್ಪಿನ ದಿನ ಯೇಸುಕ್ರಿಸ್ತನು, ರೋಗಿಯನ್ನು ನೋಡಲು ಹೋದವನು ತನ್ನನ್ನೇ ನೋಡಲು ಬಂದನೆಂದು ಎಣಿಸುವನು ಎಂದು ಮತ್ತಾಯನ ಸುವಾರ್ತೆ ಸಾರುತ್ತದೆ. ಕ್ಯಾಥೊಲಿಕರು ದೇಹಸಂಬಂಧವಾದ ಏಳು ಕರುಣಾಕಾರ್ಯಗಳನ್ನು ಎಣಿಸುತ್ತಾರೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ, ನೆಲೆಯಿಲ್ಲದವನಿಗೆ ಆಸರೆ, ರೋಗಿಯ ಭೇಟಿ, ಸೆರೆಯಲ್ಲಿರುವವನ ಭೇಟಿ, ಸತ್ತವನಿಗೆ ಮಣ್ಣು ಕೊಡುವುದು. ಆರನ್ನು ಸುವಾರ್ತೆಯಿಂದ ತೆಗೆದುಕೊಂಡು, ಏಳನೆಯದನ್ನು ತೊಬೀತನ ಗ್ರಂಥದಲ್ಲಿ ಬರುವ ಕಥೆಯಿಂದ ಸೇರಿಸಿಕೊಂಡರು.

ಈ ನಂಬಿಕೆ ಮಾತಾಗಿ ಮಾತ್ರ ಉಳಿಯಲಿಲ್ಲ. ಕ್ರಿಸ್ತಶಕ 370ರ ಸುಮಾರಿಗೆ, ಈಗಿನ ತುರ್ಕಿ ದೇಶದಲ್ಲಿರುವ ಸಿಸೇರಿಯಾ ಪಟ್ಟಣದ ಹೊರಗೆ ಬಿಷಪ್ ಬೆಸಿಲರು ರೋಗಿಗಳಿಗೂ ಪರದೇಶಿಗಳಿಗೂ ಕುಷ್ಠರೋಗಿಗಳಿಗೂ ಒಂದು ದೊಡ್ಡ ವಸತಿಯನ್ನು ಕಟ್ಟಿಸಿದರು. ಆರನೆಯ ಶತಮಾನದಲ್ಲಿ ಬೆನೆಡಿಕ್ಟರು ಬರೆದ ಮಠದ ನಿಯಮಗಳು ರೋಗಿಯ ಆರೈಕೆಗೆ ಮೊದಲ ಸ್ಥಾನವನ್ನು ಕೊಟ್ಟವು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಕಮಿಲ್ಲಸರ ಕಥೆ ಇನ್ನೂ ವಿಚಿತ್ರವಾದದ್ದು. ಅವರು ಸಿಪಾಯಿ, ಜೂಜುಕೋರ. ಕಾಲಿನಲ್ಲಿ ಎಂದೂ ಮಾಯದ ಹುಣ್ಣು. ಚಿಕಿತ್ಸೆಗೆಂದು ರೋಮ್ ನಗರದ ಆಸ್ಪತ್ರೆ ಸೇರಿ, ಅಲ್ಲಿ ಕೂಲಿಯ ಆಳುಗಳು ರೋಗಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು ಮರುಗಿದರು. ಕೂಲಿಗಾಗಿ ಅಲ್ಲದೆ ಪ್ರೀತಿಗಾಗಿ ಸೇವೆ ಮಾಡುವವರ ಸಂಘವನ್ನೇ ಕಟ್ಟಿದರು. 1586ರಲ್ಲಿ ಅವರ ಸಂಘದವರು ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಪೋಪರ ಅನುಮತಿ ಪಡೆದರು. ಇಂದು ಲೋಕಕ್ಕೆಲ್ಲ ಪರಿಚಿತವಾದ ರೆಡ್ ಕ್ರಾಸ್ ಸಂಸ್ಥೆ ಹುಟ್ಟುವುದಕ್ಕೆ ಇನ್ನೂ ಸುಮಾರು ಮುನ್ನೂರು ವರ್ಷಗಳಿದ್ದವು.

ಇಷ್ಟು ಹೇಳಿದ ಮೇಲೆ ಲೋಪಗಳನ್ನೂ ಹೇಳುವುದು ಇತಿಹಾಸಧರ್ಮ. ಮಧ್ಯಯುಗದ ಯುರೋಪಿನ ಕೆಲವು ಪ್ರಾಂತಗಳಲ್ಲಿ, ಬದುಕಿರುವ ಕುಷ್ಠರೋಗಿಯ ಮುಂದೆ ಪಾದ್ರಿಗಳು ಉತ್ತರಕ್ರಿಯೆಯನ್ನು ಹೋಲುವ ವಿಧಿಯನ್ನು ನಡೆಸಿ ಅವನನ್ನು ಊರಿನಿಂದ ಹೊರಗಿಡುತ್ತಿದ್ದರು. ನಮ್ಮಲ್ಲಿ ಬದುಕಿದ್ದವರಿಗೆ ಘಟಶ್ರಾದ್ಧ ಮಾಡುತ್ತಿದ್ದುದು ಬಲ್ಲವರಿಗೆ ಇದರ ಕ್ರೌರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗವು ಪಾಪದ ಫಲವೆಂಬ ಭಾವನೆಯೂ ಜನರಲ್ಲಿ ಬಲವಾಗಿತ್ತು. ಹುಟ್ಟುಕುರುಡನ ಕುರುಡು ಅವನ ಪಾಪದಿಂದಲೂ ಬಂದದ್ದಲ್ಲ, ತಂದೆತಾಯಿಗಳ ಪಾಪದಿಂದಲೂ ಬಂದದ್ದಲ್ಲವೆಂದು ಯೇಸುವೇ ಹೇಳಿದ್ದ ಮಾತನ್ನು ಅವನ ಅನುಯಾಯಿಗಳು ಎಷ್ಟೋ ವೇಳೆ ಮರೆತರು.

ಎಣ್ಣೆ ಮತ್ತು ಬುತ್ತಿ

ರೋಗಿಯ ಬಳಿಗೆ ಪಾದ್ರಿಗಳು ಬಂದು ಮಾಡುವ ಮುಖ್ಯ ಸಂಸ್ಕಾರವೆಂದರೆ ಎಣ್ಣೆಯ ಲೇಪನ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬನ ಪತ್ರದಲ್ಲಿ ವಿಧಿಸಿರುವುದೇ ಇದಕ್ಕೆ ಆಧಾರ. ಪವಿತ್ರ ವಾರದಲ್ಲಿ ಬಿಷಪರು ಈ ಎಣ್ಣೆಯನ್ನು ಮಂತ್ರಿಸಿ ಪ್ರತಿ ಇಗರ್ಜಿಗೂ ಕಳುಹಿಸುತ್ತಾರೆ. ಹಿಂದೆ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆ ಹಚ್ಚಿ, ಆಯಾ ಇಂದ್ರಿಯದಿಂದ ಆದ ತಪ್ಪನ್ನು ದೇವರು ಮನ್ನಿಸಲೆಂದು ಬೇಡುತ್ತಿದ್ದರು. ಈಗ ಹಣೆಗೂ ಕೈಗಳಿಗೂ ಹಚ್ಚುತ್ತಾರೆ.

ಕಾಲಕ್ರಮದಲ್ಲಿ ಈ ಸಂಸ್ಕಾರವು ಸಾಯುವ ಗಳಿಗೆಗೇ ಮೀಸಲೆಂಬಂತಾಗಿ ಅದಕ್ಕೆ 'ಅಂತ್ಯಾಭ್ಯಂಗ'ವೆಂದೇ ಹೆಸರಾಯಿತು. ಪಾದ್ರಿಗಳು ಮೆಟ್ಟಲು ಹತ್ತಿದರೆಂದರೆ ಮರಣವೇ ಹತ್ತಿತೆಂದು ಜನ ಹೆದರಿದರು. ರೋಗಿ ಗಾಬರಿಯಾದಾನೆಂದು ಮನೆಯವರು ಕೊನೆಯ ಉಸಿರಿನ ತನಕ ಕರೆಕಳುಹಿಸದೆ ಇರುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಇದನ್ನು ತಿದ್ದಲು ತೊಡಗಿ, 'ರೋಗಿಗಳ ಅಭ್ಯಂಗ'ವೆಂಬುದೇ ಹೆಚ್ಚು ಉಚಿತವಾದ ಹೆಸರೆಂದು ಸಾರಿತು. 1972ರಲ್ಲಿ ಪೋಪ್ ಆರನೆಯ ಪಾಲರು ಹೊಸ ವಿಧಿಯನ್ನು ಹೊರಡಿಸಿ, ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯದ ಎಣ್ಣೆಯನ್ನೂ ಬಳಸಬಹುದೆಂದರು. ಈಗ ಕಠಿನವಾದ ಕಾಯಿಲೆ ಬಂದವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ಮುಪ್ಪಿನಿಂದ ಬಳಲಿದವರು ಎಲ್ಲರೂ ಇದನ್ನು ಪಡೆಯಬಹುದು. ಒಂದಕ್ಕಿಂತ ಹೆಚ್ಚು ಸಲವೂ ಪಡೆಯಬಹುದು.

ಸಾಯುವವನಿಗೆ ಮೀಸಲಾದ ಸಂಸ್ಕಾರ ಬೇರೆಯೇ ಇದೆ. ಅದು ಕೊನೆಯ ಪರಮಪ್ರಸಾದ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ 'ವಿಯಾತಿಕುಂ' ಎಂದು ಹೆಸರು. ಪಯಣಿಗನು ದಾರಿಗೆ ಒಯ್ಯುವ ಆಹಾರವೆಂದು ಅದರ ಅರ್ಥ. ನಮ್ಮ ಕನ್ನಡದಲ್ಲಿ ಹೇಳುವುದಾದರೆ ಬುತ್ತಿ. ಊರಿನಿಂದ ಹೊರಡುವಾಗ ತಾಯಿ ಕಟ್ಟಿಕೊಟ್ಟ ಬುತ್ತಿಯೊಡನೆ ಈ ನಗರಕ್ಕೆ ಬಂದಿಳಿದ ನಮಗೆ ಈ ಮಾತಿನ ಸ್ವಾರಸ್ಯ ಚೆನ್ನಾಗಿ ತಿಳಿಯುತ್ತದೆ.

ಕನ್ನಡ ನಾಡಿನಲ್ಲಿ

ಆತ್ಮದ ಚಿಂತೆಯೇ ಹೆಚ್ಚಾಗಿ ದೇಹದ ಚಿಕಿತ್ಸೆಯನ್ನು ಈ ಪಾದ್ರಿಗಳು ಕಡೆಗಣಿಸಿದರೇನೋ ಎಂಬ ಸಂದೇಹಕ್ಕೆ ನಮ್ಮ ನಾಡಿನ ಇತಿಹಾಸವೇ ಉತ್ತರ ಕೊಡುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ಅವರನ್ನು ಹಿಂದೂಗಳ ಆಚಾರವಿಚಾರಗಳ ಕುರಿತು ಗ್ರಂಥ ಬರೆದವರೆಂದು ನಾವು ಬಲ್ಲೆವು. ಅವರು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತವರೂ ಹೌದು. ಇಂಗ್ಲೆಂಡಿನ ಜೆನ್ನರನು ಲಸಿಕೆಯನ್ನು ಲೋಕಕ್ಕೆ ತಿಳಿಸಿದ್ದು 1798ರಲ್ಲಿ. 1803-04ರ ಹೊತ್ತಿಗೆ ದುಬೋಯ್ ಅವರ ಉಸ್ತುವಾರಿಯಲ್ಲಿ ಲಸಿಕೆ ಪಡೆದವರ ಸಂಖ್ಯೆ 25 ಸಾವಿರವನ್ನು ಮೀರಿತ್ತು. ಅಮ್ಮ ಬಂದರೆ ಬೇವಿನ ಸೊಪ್ಪಲ್ಲದೆ ಬೇರೆ ಗತಿಯಿಲ್ಲದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ.

ಕರಾವಳಿಯ ಕ್ಯಾಥೊಲಿಕರ ಕಥೆ ಬೇರೆ. ಅವರಲ್ಲಿ ಬಹುಮಂದಿ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವವರು. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಪಾದ್ರಿಗಳಿಲ್ಲದೆ, ಸಂಸ್ಕಾರವಿಲ್ಲದೆ ಸತ್ತರು. 1799ರ ತರುವಾಯ ಉಳಿದವರು ಹಿಂದಿರುಗಿ ಬಾಳನ್ನೂ ಇಗರ್ಜಿಗಳನ್ನೂ ಮತ್ತೆ ಕಟ್ಟಿಕೊಂಡರು. ಕೊನೆಗಾಲದ ಸಂಸ್ಕಾರ ದೊರೆಯದೆ ಹೋಗುವುದೆಂದರೇನೆಂದು ಅನುಭವದಿಂದ ಬಲ್ಲ ಜನ ಅವರು.

ಕಂಕನಾಡಿ

1878ರ ಡಿಸೆಂಬರ್ ತಿಂಗಳ ಕೊನೆಯ ದಿನ ಜೆಸುಯಿಟ್ ಪಾದ್ರಿಗಳ ಮೊದಲ ತಂಡವು ಮಂಗಳೂರಿಗೆ ಬಂದಿಳಿಯಿತು. ಅವರಲ್ಲಿ 37 ವರ್ಷದ ಮುಲ್ಲರರೂ ಒಬ್ಬರು. 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಹುಟ್ಟಿದವರು, ಆರೋಗ್ಯ ಅಷ್ಟಕ್ಕಷ್ಟೆ. 1880ರಲ್ಲಿ ಸ್ಥಾಪಿತವಾದ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಕೆಲಸ. ಹೋಮಿಯೋಪತಿ ಔಷಧಗಳಲ್ಲಿ ಅವರಿಗೆ ಆಸಕ್ತಿಯಿತ್ತು. ಅದೇ ವರ್ಷ ಕಂಕನಾಡಿಯಲ್ಲಿ ಒಂದು ಆಲದ ಮರದ ನೆರಳಿನಲ್ಲಿ ಕುಳಿತು ಬಡವರಿಗೆ ಔಷಧ ಕೊಡತೊಡಗಿದರು. ಕ್ರಮೇಣ ಅದೇ ಬಡವರ ಔಷಧಾಲಯವಾಯಿತು. ಅಲ್ಲಿ ತಯಾರಾದ ಔಷಧಗಳು ಅಂಚೆಯ ಮೂಲಕ ದೂರದೂರದ ಊರುಗಳಿಗೆ ಹೋಗತೊಡಗಿದವು. ಮಾರಾಟದಿಂದ ಬಂದ ಹಣ ಬಡರೋಗಿಗಳ ಸೇವೆಗೆ ಒದಗಿತು. ಆ ಔಷಧಪದ್ಧತಿಯನ್ನು ಆಧುನಿಕ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಆದರೆ ಮುಂದೆ ಹೇಳುವ ಸಂಗತಿಗಳನ್ನು ನೋಡಿದರೆ, ಅವರ ಹಿರಿಮೆ ಸೀಸೆಯಲ್ಲಿ ಇರಲಿಲ್ಲವೆಂಬುದು ಕಾಣುತ್ತದೆ.

1890ರಲ್ಲಿ ಅವರು ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನು ತೆರೆದರು. ಕ್ಯಾಥೊಲಿಕರಿಗೆ ಸಂತ ಜೋಸೆಫರು ಒಳ್ಳೆಯ ಮರಣದ ಪಾಲಕರು. ಯೇಸುವೂ ಮಾತೆ ಮರಿಯಳೂ ಎರಡು ಮಗ್ಗುಲಲ್ಲಿರುವಾಗ ಅವರು ಕಣ್ಣು ಮುಚ್ಚಿದರೆಂಬುದು ಪ್ರತೀತಿ. ಹೆಸರು ಅರ್ಥವತ್ತಾಗಿತ್ತು, ಏಕೆಂದರೆ ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದದ್ದು 1873ರಲ್ಲಿ. ಗುಣಕೊಡುವ ಔಷಧ ಬಂದದ್ದು 1940ರ ದಶಕದಲ್ಲಿ. ನಡುವಿನ ಆ ಎಪ್ಪತ್ತು ವರ್ಷ ಕುಷ್ಠರೋಗಿಗೆ ಕೊಡಬಹುದಾಗಿದ್ದುದೆಂದರೆ ಹುಣ್ಣು ತೊಳೆಯುವ ಕೈ, ಎರಡು ಹೊತ್ತಿನ ಊಟ, ಮಲಗಲು ಜಾಗ, ಸತ್ತಾಗ ಮಣ್ಣು ಹಾಕಲು ನಾಲ್ಕು ಜನ. ಹಿಂದಿನ ವರ್ಷವಷ್ಟೆ, 1889ರ ಏಪ್ರಿಲ್‌ನಲ್ಲಿ, ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಹದಿನಾರು ವರ್ಷ ಕುಷ್ಠರೋಗಿಗಳೊಡನಿದ್ದ ಬೆಲ್ಜಿಯಂ ದೇಶದ ಪಾದ್ರಿ ಡೇಮಿಯನ್ನರು ಅದೇ ರೋಗ ತಗಲಿ ತೀರಿಕೊಂಡಿದ್ದರು. ಇಂಥ ಕೆಲಸಕ್ಕೆ ಕೈಹಾಕಿದವನಿಗೆ ಏನು ಕಾದಿರಬಹುದೆಂಬುದು ಗುಟ್ಟಾಗಿರಲಿಲ್ಲ.

ಅನಂತರ ಪ್ಲೇಗು ಬಂತು. 1896ರಲ್ಲಿ ಇದೇ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಅದನ್ನು ಮೊದಲು ಗುರುತಿಸಿದವರು ಅಕಾಸಿಯೊ ವೀಗಾಸ್ ಎಂಬ ಗೋವೆಯ ಕ್ಯಾಥೊಲಿಕ ಡಾಕ್ಟರರು. ಬಾಂದ್ರಾ, ಗಿರಗಾಂವ ಕಡೆಯ ಓಣಿಗಳಲ್ಲಿ ನಾವು ದಿನವೂ ಹಾದುಹೋಗುವ ಕಲ್ಲಿನ ಶಿಲುಬೆಗಳಲ್ಲಿ ಹಲವು ಆ ಭಯದ ವರ್ಷಗಳಲ್ಲಿ ನೆಟ್ಟವು. ಬೆಂಗಳೂರಿನಲ್ಲಿ ಪ್ಲೇಗಿನಮ್ಮನಿಗೆ ಗುಡಿಗಳು ಎದ್ದಂತೆ ಇಲ್ಲಿ ಶಿಲುಬೆಗಳು ಎದ್ದವು. ದೇವರ ಹೆಸರು ಬೇರೆಯಾದರೂ ಕೈಮುಗಿದವರ ನಡುಕ ಒಂದೇ. ಇಲಿ ಬಿದ್ದ ಮನೆ ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರೆಂಬ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ರೋಗ ತಗಲಿದವರನ್ನು ಬಿಟ್ಟು ಓಡಿದವರೂ ಉಂಟು. 1902ರಲ್ಲಿ ಪ್ಲೇಗು ಮಂಗಳೂರನ್ನು ಮುಟ್ಟಿದಾಗ ಮುಲ್ಲರರು ಅದಕ್ಕಾಗಿಯೇ ಬೇರೆ ಆಸ್ಪತ್ರೆಯನ್ನು ತೆರೆದರು. ಎಲ್ಲರೂ ದೂರ ಸರಿಯುವಾಗ ಹತ್ತಿರ ಸರಿಯುವುದು, ಇದೇ ಅವರ ವೈದ್ಯದ ಸಾರ.

ಕನ್ನಡದಲ್ಲಿ 'ಶರಣರ ಗುಣವನ್ನು ಮರಣದಲ್ಲಿ ನೋಡು' ಎಂಬ ಗಾದೆಯುಂಟು. ಹುಟ್ಟಿದ ನಾಡಿಗೆ ಹಿಂದಿರುಗದೆ, 32 ವರ್ಷ ಸೇವೆ ಮಾಡಿದ ನೆಲದಲ್ಲಿ, ಸಕಲ ಸಂತರ ಹಬ್ಬದ ದಿನವೇ ಅವರು ತೀರಿಕೊಂಡರು. ಹೊರನಾಡಿಗರಾಗಿ ಬಂದು ಕೊನೆಗೆ ಊರಿನವರೇ ಆದರು. ಅವರ ಹೆಸರಿನ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜೂ 1999ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾದವು.

ಮರಣದ ಆಚೆ

ಕ್ಯಾಥೊಲಿಕರ ದೃಷ್ಟಿಯಲ್ಲಿ ಮರಣದಿಂದ ಸಂಬಂಧ ಕಡಿಯುವುದಿಲ್ಲ. ಸತ್ತವರಲ್ಲಿ ಕೆಲವರು ದೇವರ ಸನ್ನಿಧಿಗೆ ಹೋಗುವ ಮೊದಲು ಶುದ್ಧಿ ಹೊಂದಬೇಕಾಗುತ್ತದೆ. ಆ ಸ್ಥಿತಿಯನ್ನು ಕನ್ನಡದ ಕ್ಯಾಥೊಲಿಕರು 'ಉತ್ತರಿಸುವ ಸ್ಥಳ'ವೆನ್ನುತ್ತಾರೆ. ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆಂಬ ನಂಬಿಕೆಯಿಂದಲೇ ಸಾವಿನ ಮನೆಯ ಜಪಸರ, ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ವರ್ಷಾಂತಿಕಗಳು ನಡೆಯುತ್ತವೆ. ನವೆಂಬರ್ 2ರ ಸ್ಮರಣೆಯನ್ನು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲುನಿ ಮಠದ ಒದಿಲೊ ಅವರು ತಮ್ಮ ಮಠಗಳಲ್ಲಿ ಆರಂಭಿಸಿದರು. ಮಹಾಲಯದಲ್ಲಿ ಹಿರಿಯರನ್ನು ನೆನೆಯುವ ನಮ್ಮ ಮನೆಗಳಿಗೆ ಇದು ಅಪರಿಚಿತ ಭಾವವೇನಲ್ಲ.

ದೇಹವು ಕೊನೆಯ ದಿನ ಎದ್ದುಬರುವುದೆಂಬ ನಂಬಿಕೆಯಿಂದ ಹೂಳುವುದೇ ಪದ್ಧತಿ. ದಹನವನ್ನು 1963ರ ತನಕ ನಿಷೇಧಿಸಿದ್ದರು. ಆ ವರ್ಷ ನಿಷೇಧ ಸಡಿಲವಾಯಿತು. ಆದರೆ ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ವಿಧಿಸಿದರು. ಆತ್ಮಹತ್ಯೆ ಮಾಡಿಕೊಂಡವರಿಗೆ ಇಗರ್ಜಿಯ ಉತ್ತರಕ್ರಿಯೆಯನ್ನು ನಿರಾಕರಿಸುವ ಕಟ್ಟಳೆ ಬಹುಕಾಲ ಇತ್ತು. ಎಷ್ಟು ತಾಯಂದಿರು ಈ ಕಾರಣದಿಂದ ಎರಡು ಸಲ ಅತ್ತರೋ! 1983ರ ಹೊಸ ಧರ್ಮಸಂಹಿತೆಯಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟರು. ಜೀವ ಪವಿತ್ರವೆಂಬ ತತ್ತ್ವ ಸಡಿಲವಾಗಲಿಲ್ಲ. ಮನಸ್ಸಿನ ನೋವು ಮನುಷ್ಯನ ವಿವೇಚನೆಯನ್ನು ಎಷ್ಟು ಕುಂದಿಸಬಲ್ಲದೆಂಬ ತಿಳಿವಳಿಕೆ ಹೆಚ್ಚಿತು.

ಚಿಕಿತ್ಸೆ ಎಲ್ಲಿಯ ತನಕ?

ಜೀವ ಪವಿತ್ರವೆಂದಮೇಲೆ ಯಂತ್ರ ಹಚ್ಚಿ ಹೇಗಾದರೂ ಉಸಿರನ್ನು ಹಿಡಿದಿಡಲೇಬೇಕೆ? ಈ ವಿಷಯದಲ್ಲಿ ಕ್ಯಾಥೊಲಿಕ ಬೋಧನೆಯನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. 1957ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಅರಿವಳಿಕೆ ವೈದ್ಯರಿಗೆ ಉತ್ತರ ಕೊಡುತ್ತ, ಸಾಧಾರಣವಾದ ಉಪಾಯಗಳನ್ನು ಬಳಸುವುದು ಕರ್ತವ್ಯ, ಮಿತಿಮೀರಿದ ಹೊರೆಯಾಗುವ ಅಸಾಧಾರಣ ಉಪಾಯಗಳು ಕಡ್ಡಾಯವಲ್ಲವೆಂದು ವಿವರಿಸಿದರು. ನೋವು ಶಮನಗೊಳಿಸುವ ಮದ್ದನ್ನು, ಅದರಿಂದ ಆಯುಸ್ಸು ಸ್ವಲ್ಪ ಕುಗ್ಗುವಂತಿದ್ದರೂ, ಕೊಡಬಹುದೆಂದರು. 1980ರ ವ್ಯಾಟಿಕನ್ ಪ್ರಕಟಣೆಯೂ ಇದನ್ನೇ ದೃಢಪಡಿಸಿತು. ಕೊಲ್ಲುವುದು ಬೇರೆ, ಬಂದ ಮರಣವನ್ನು ಒಪ್ಪಿಕೊಳ್ಳುವುದು ಬೇರೆ. ಅನ್ನ ನೀರು ಕೊಡುವುದನ್ನಾದರೋ, ಕೊಳವೆಯ ಮೂಲಕವಾದರೂ, ಆರೈಕೆಯೆಂದೇ ಎಣಿಸಬೇಕೆಂದು ಪೋಪ್ ಎರಡನೆಯ ಜಾನ್ ಪಾಲರು 2004ರಲ್ಲಿ ಹೇಳಿದರು. ಇದನ್ನು ಒಪ್ಪದ ವೈದ್ಯರೂ ನ್ಯಾಯವೇತ್ತರೂ ಇದ್ದಾರೆ.

ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದದ್ದುಂಟು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಬಂದ ನರ್ಸ್ ಒಬ್ಬರು 1973ರಲ್ಲಿ ಘೋರವಾದ ಹಲ್ಲೆಗೆ ಗುರಿಯಾಗಿ ಪ್ರಜ್ಞೆ ಕುಂದಿದವರಾಗಿ ಉಳಿದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂಬ ಬಿನ್ನಹವನ್ನು 2011ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅವರನ್ನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ದಾದಿಯರು ಆ ಬಿನ್ನಹವನ್ನು ವಿರೋಧಿಸಿದ್ದರು. 2015ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವ ತನಕ, 41 ವರ್ಷಗಳಿಗೂ ಮೀರಿ, ಒಂದು ತಲೆಮಾರಿನ ದಾದಿಯರು ನಿವೃತ್ತರಾಗಿ ಇನ್ನೊಂದು ತಲೆಮಾರು ಬಂದರೂ ಆರೈಕೆ ತಪ್ಪಲಿಲ್ಲ. ಆ ದಾದಿಯರು ನಾನಾ ಮತದವರು. ಜೀವ ಪವಿತ್ರವೆಂಬ ತತ್ತ್ವವನ್ನು ಅವರು ಗ್ರಂಥದಿಂದ ಕಲಿತರೋ ಇಲ್ಲವೋ, ಕೈಯಿಂದ ಮಾಡಿ ತೋರಿಸಿದರು. ಗುಣವಾಗದ ರೋಗಿಯ ಚಿಕಿತ್ಸೆಯನ್ನು ಕಟ್ಟುಪಾಡುಗಳೊಡನೆ ನಿಲ್ಲಿಸಲು ನ್ಯಾಯಾಲಯವು 2011ರಲ್ಲಿಯೂ 2018ರಲ್ಲಿಯೂ ಅವಕಾಶ ಮಾಡಿಕೊಟ್ಟಿತು. ಅದನ್ನು ಜಾರಿಗೊಳಿಸಲು ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ನಮ್ಮ ಪಾಲಿನ ಕೆಲಸ

1986ರಲ್ಲಿ ಬಾಂದ್ರಾದ ಮೌಂಟ್ ಮೇರಿ ಬಳಿ 'ಶಾಂತಿ ಅವೇದನಾ ಸದನ' ತೆರೆಯಿತು. ಚಿಕಿತ್ಸೆಯ ಹಂತ ದಾಟಿದ ಕ್ಯಾನ್ಸರ್ ರೋಗಿಗಳು ನೋವಿಲ್ಲದೆ ಕೊನೆಯ ದಿನಗಳನ್ನು ಕಳೆಯುವ ಇಂಥ ಮನೆಗಳಲ್ಲಿ ದೇಶದಲ್ಲೇ ಇದು ಮೊದಲನೆಯದು. ಅಲ್ಲಿ ಸೇವೆಗೆ ನಿಂತವರು ಕ್ಯಾಥೊಲಿಕ ಸಂನ್ಯಾಸಿನಿಯರು. ಸೇವೆಗೆ ಹಣ ಕೇಳುವುದಿಲ್ಲ, ಜಾತಿಮತ ಕೇಳುವುದಿಲ್ಲ. ಸಿಸೇರಿಯಾದಲ್ಲಿ ತೊಡಗಿ ಕಂಕನಾಡಿಯ ಆಲದ ಮರದಡಿ ತಂಗಿದ ದಾರಿ ಹೀಗೆ ನಮ್ಮ ನಗರಕ್ಕೂ ಬಂದಿದೆ.

ಊರಿನಿಂದ ರೋಗಿಯನ್ನು ಕರೆತಂದು ನಮ್ಮ ಎರಡು ಖೋಲಿಗಳಲ್ಲಿಯೇ ಇಟ್ಟುಕೊಂಡು ದೊಡ್ಡ ಆಸ್ಪತ್ರೆಗೆ ಓಡಾಡಿಸುವುದು ನಮ್ಮಲ್ಲಿ ಎಷ್ಟೋ ಸಂಸಾರಗಳ ಅನುಭವ. ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಹೇಳಿದ ದಿನ ನಾವು ರೋಗಿಯ ಮುಖ ನೋಡಲಾರದೆ ಅಡಿಗೆಮನೆಯಲ್ಲಿ ಪಿಸುಗುಡುತ್ತೇವೆ. 'ಏನಂದರಪ್ಪಾ ಡಾಕ್ಟರು?' ಎಂದು ಒಳಗಿನಿಂದ ಕೇಳಿದರೆ 'ಎಲ್ಲಾ ಸರಿಹೋಗುತ್ತದಂತೆ, ನೀವು ಮಲಗಿ' ಎನ್ನುತ್ತೇವೆ. ಅವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಂತೆ ನಮಗಾಗಿ ಸುಮ್ಮನಾಗುತ್ತಾರೆ. ಎರಡು ಗೋಡೆಗಳ ನಡುವೆ ಒಬ್ಬರೇ ಉಳಿಯುತ್ತಾರೆ. ಮದ್ದು ಮುಗಿದ ಮೇಲೂ ಮಾಡುವ ಕೆಲಸ ಬಹಳ ಉಳಿದಿರುತ್ತದೆಂಬುದೇ ಈ ಇತಿಹಾಸ ಹೇಳುವ ಮಾತು. ಮಗ್ಗುಲಲ್ಲಿ ಕುಳಿತುಕೊಳ್ಳುವುದು, ನೋವು ಇಳಿಸುವುದು, ಹೇಳಬೇಕಾದದ್ದನ್ನು ಹೇಳಗೊಡುವುದು, ಅವರ ಅವರ ದೇವರ ಹೆಸರನ್ನು ಕಿವಿಯಲ್ಲಿ ಉಸುರುವುದು.

ನಮ್ಮ ಸಂಘವು ನಾಟಕ, ಸಂಗೀತ, ವನಭೋಜನಗಳ ಜೊತೆಗೆ ಇದನ್ನೂ ಕೈಗೊಳ್ಳಲಿ. ಆಸ್ಪತ್ರೆಯಲ್ಲಿ ಮಲಗಿರುವ ಕನ್ನಡಿಗರ ಬಳಿಗೆ ವಾರಕ್ಕೊಮ್ಮೆ ಇಬ್ಬರು ಸದಸ್ಯರು ಹೋಗಿ ಒಂದು ಗಳಿಗೆ ಕುಳಿತು ಬರಲಿ. ಹಣ್ಣು ಒಯ್ಯಲಿ, ಬಿಡಲಿ. ನಮ್ಮ ಮಾತನ್ನು ಒಯ್ದರೆ ಸಾಕು. ಹಿಂದಿ ಮರಾಠಿಗಳ ನಡುವೆ ಮಲಗಿದ ಮುದುಕರೊಬ್ಬರ ಕಿವಿಗೆ 'ಹೇಗಿದ್ದೀರಿ ಯಜಮಾನರೇ, ಊರು ಯಾವುದಾಯಿತು?' ಎಂಬ ಮಾತು ಬಿದ್ದರೆ ಅದೇ ಅವರಿಗೆ ದಾರಿಯ ಬುತ್ತಿ.